ಅಬ್ಬಕ್ಕನ ಕೈಗೆ ಕತ್ತಿ ಕೊಟ್ಟು ಕಸಿದದ್ದೇನು?

ಕರಾವಳಿ ಕಾವಲು ಪಡೆಯ ‘ರಾಣಿ ಅಬ್ಬಕ್ಕ’ ಗಸ್ತು ಹಡಗು 2012ರ ಜನವರಿಯಲ್ಲಿ ಸೇವೆಗೆ ಸೇರಿದಾಗ ಅದಕ್ಕೆ ಕೊಟ್ಟ ನೆಲೆ ಚೆನ್ನೈ. ಪಡುಗಡಲಿನ ಉಳ್ಳಾಲದ ರಾಣಿಯ ಹೆಸರು ಮೂಡುಗಡಲಿಗೂ ಸಂದದ್ದು ಸಂತೋಷವೇ. ಆದರೆ ಚೆನ್ನೈಯವರು ‘ಯಾರೀಕೆ?’ ಎಂದು ಕೇಳಿದರೆ ಕನ್ನಡಿಗರು ತೋರಿಸುವ ಚಿತ್ರ ಯಾವುದು? ಮೈತುಂಬ ಒಡವೆ, ಎತ್ತಿದ ಕತ್ತಿ, ಉರಿಗಣ್ಣು. ಕೆಳಗಿನ ಹೆಸರು ಅಳಿಸಿದರೆ ಅದು ಕಿತ್ತೂರು ಚೆನ್ನಮ್ಮನಿಗೂ ಆದೀತು, ಶಿವಗಂಗೆಯ ವೇಲು ನಾಚಿಯಾರ್‌ಗೂ ಆದೀತು.

ಈ ಚಾಳಿ ನಮ್ಮೊಬ್ಬರದೇ ಅಲ್ಲ. ಯುರೋಪಿನ ಬರೋಕ್ ಕಾಲದ ಮುದ್ರಣಚಿತ್ರಗಳನ್ನು ನೋಡಿ. 1647ರಲ್ಲಿ ಪ್ಯಾರಿಸಿನ ಪಾದ್ರಿ ಪಿಯರ್ ಲ ಮುವಾನ್ ವೀರಸ್ತ್ರೀಯರ ಬಗ್ಗೆ ದೊಡ್ಡ ಪುಸ್ತಕ ಪ್ರಕಟಿಸಿದ. ಕ್ಲೋದ್ ವಿನ್ಯೋಂ ಬರೆದ ಚಿತ್ರಗಳನ್ನು ತಾಮ್ರದ ತಗಡಿನಲ್ಲಿ ಕೊರೆದು ಅದರಲ್ಲಿ ಅಚ್ಚುಹಾಕಿದರು. ಮುಂದೆ ಸಿಂಗರಿಸಿಕೊಂಡು ಭಂಗಿಯಲ್ಲಿ ನಿಂತ ಹೆಣ್ಣು. ಅವಳು ಮಾಡಿದ ಕೆಲಸ ಹಿಂದೆಲ್ಲೋ ಬೆರಳಗಾತ್ರ. ಭಂಗಿ ದೊಡ್ಡದು, ಕೆಲಸ ಚಿಕ್ಕದು.

ಅದೇ ಶತಮಾನದಲ್ಲಿ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಮಣೇಲಿನಲ್ಲಿ ಕಣ್ಣಾರೆ ಕಂಡ. ಇಕ್ಕೇರಿಯ ವೆಂಕಟಪ್ಪ ನಾಯಕನ ನೆರವಿನಿಂದ ಬಂಗರಸನನ್ನೂ ಅವನ ಬೆನ್ನಿಗಿದ್ದ ಪೋರ್ಚುಗೀಸರನ್ನೂ ಮಣಿಸಿದ್ದ ಚೌಟರ ಅಬ್ಬಕ್ಕದೇವಿ ಅವಳು. ಬಂದದ್ದು ಪಲ್ಲಕ್ಕಿಯಲ್ಲಲ್ಲ, ಬರಿಗಾಲಲ್ಲಿ. ಸೊಂಟಕ್ಕೆ ಹತ್ತಿಬಟ್ಟೆ, ತಲೆಗೊಂದು ವಸ್ತ್ರ, ಬಿಸಿಲಿಗೆ ಓಲೆಕೊಡೆ. ಹೊಲಕ್ಕೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ಹೊರಟಿದ್ದಳು. ಅವನ ಕಣ್ಣಿಗೆ ಆಕೆ ರಾಣಿಯಂತೆ ಕಾಣಲಿಲ್ಲ, ಅಡುಗೆಮನೆಯ ಆಳಿನಂತೆ ಕಂಡಳು. ಆದರೆ ಮಾತಿಗೆ ನಿಂತಾಗ ಆಕೆಯ ವಿವೇಕವನ್ನು ಅವನೂ ಒಪ್ಪಿಕೊಳ್ಳಬೇಕಾಯಿತು.

ಅವನ ಹೀಯಾಳಿಕೆಗೆ ನಾವು ಸಿಟ್ಟಾಗುತ್ತೇವೆ. ಆದರೆ ನಾವು ಮಾಡುತ್ತಿರುವುದೂ ಅದನ್ನೇ. ಕಂಡದ್ದನ್ನಾದರೂ ಅವನು ಬರೆದಿಟ್ಟ. ನಾವು ನಾಚಿ ಒಡವೆ ಹೊದಿಸಿ ಮುಚ್ಚಿಟ್ಟೆವು.

ಮಕ್ಕಳಲ್ಲಿ ಕೆಚ್ಚು ತುಂಬಲು ಕತ್ತಿಯೇ ಬೇಕು ಎನ್ನುವವರಿದ್ದಾರೆ. ಕತ್ತಿ ಇರಲಿ, ಆಕೆ ಯುದ್ಧ ಮಾಡಿದ್ದು ನಿಜ. ಆದರೆ ಪಡೆ ನಡೆಯುವುದು ಅನ್ನದಿಂದ, ಅನ್ನ ಬರುವುದು ಆ ಕಾಲುವೆಯಿಂದ. ಗೆದ್ದ ಮೇಲೂ ಬಿಸಿಲಲ್ಲಿ ನಡೆದು ನೀರಿನ ದಾರಿ ನೋಡುವ ರಾಣಿ ಯಾವ ಮಗುವಿಗೆ ಕಡಿಮೆಯಾದಾಳು? ಪರಂಗಿಯೊಬ್ಬ ಬೇಸರದಿಂದಲೇ ಬಿಟ್ಟುಹೋದ ಈ ಚಿತ್ರ ಬೇರೆ ಯಾವ ರಾಣಿಗೂ ಹೊಂದುವುದಿಲ್ಲ. ಶಾಲೆಯ ಗೋಡೆಯ ಮೇಲೆ ಅದನ್ನು ಬರೆಯಿಸಿ.