ಬ್ಯಾಂಕಿಗೂ ಉಂಟು ಪರೀಕ್ಷೆ

ಪರೀಕ್ಷೆ ಎಂಬುದು ವಿದ್ಯಾರ್ಥಿಗಳಿಗೆ ಮಾತ್ರ ಎಂದು ತಿಳಿಯಬೇಕಾಗಿಲ್ಲ. ಬ್ಯಾಂಕುಗಳಿಗೂ ಪರೀಕ್ಷೆ ಉಂಟು, ಶ್ರೇಣಿಯೂ ಉಂಟು. ಅಮೆರಿಕದಲ್ಲಿ ತಪಾಸಣಾಧಿಕಾರಿಗಳು ಬ್ಯಾಂಕಿಗೇ ಬಂದು ಕುಳಿತು, ಸಾಲದ ಕಡತ ಬಿಚ್ಚಿ, ಲೆಕ್ಕ ತಾಳೆ ನೋಡಿ 1ರಿಂದ 5ರವರೆಗೆ ಶ್ರೇಣಿ ಕೊಡುತ್ತಾರೆ. 1 ಎಂದರೆ ಅತ್ಯುತ್ತಮ, 5 ಎಂದರೆ ಅಪಾಯ. ಬಂಡವಾಳ, ಆಸ್ತಿಯ ಗುಣಮಟ್ಟ, ಆಡಳಿತ, ಗಳಿಕೆ, ಕೇಳಿದಾಗ ಹಣ ಕೊಡುವ ಶಕ್ತಿ, ಮಾರುಕಟ್ಟೆಯ ಏರಿಳಿತ ತಾಳುವ ಶಕ್ತಿ - ಈ ಆರು ವಿಷಯಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಇದಕ್ಕೆ 'ಕ್ಯಾಮೆಲ್ಸ್' ಎಂದು ಹೆಸರಿಟ್ಟಿದ್ದಾರೆ. ಈ ಫಲಿತಾಂಶ ಮಾತ್ರ ಗುಟ್ಟು, ಠೇವಣಿದಾರರಿಗೂ ತಿಳಿಸುವುದಿಲ್ಲ.

1980ರಿಂದ 1994ರವರೆಗೆ ಆ ದೇಶದಲ್ಲಿ 1,600ಕ್ಕೂ ಹೆಚ್ಚು ಬ್ಯಾಂಕುಗಳು ಮುಳುಗಿದವು ಅಥವಾ ಸರ್ಕಾರದ ಆಸರೆಯಿಂದ ಉಳಿದವು. ಆ ಬಿಸಿ ತಟ್ಟಿದ್ದರಿಂದಲೇ 1991ರ ಕಾನೂನು ಪ್ರತಿ 12 ತಿಂಗಳಿಗೊಮ್ಮೆ ತಪಾಸಣೆಯನ್ನು ಕಡ್ಡಾಯಗೊಳಿಸಿತು. ಸುಸ್ಥಿತಿಯಲ್ಲಿರುವ ಸಣ್ಣ ಬ್ಯಾಂಕುಗಳಿಗೆ ಮಾತ್ರ 18 ತಿಂಗಳ ರಿಯಾಯಿತಿ. ಆಗ 'ಸಣ್ಣದು' ಎಂದರೆ 10 ಕೋಟಿ ಡಾಲರ್‌ಗಿಂತ ಕಡಿಮೆ ಆಸ್ತಿಯುಳ್ಳದ್ದು. ಈ ಮಿತಿ ಮೆಲ್ಲಮೆಲ್ಲನೆ ಬೆಳೆಯಿತು. 2015ರಲ್ಲಿ ಅದು 100 ಕೋಟಿ ಆಯಿತು. 2018ರಲ್ಲಿ 300 ಕೋಟಿ.

ಸಣ್ಣ ಬ್ಯಾಂಕುಗಳ ವಾದವನ್ನು ತಳ್ಳಿಹಾಕುವಂತಿಲ್ಲ. ಹಳ್ಳಿಗಾಡಿನ ಬ್ಯಾಂಕಿನಲ್ಲಿ ಕಡತ ಒದಗಿಸುವವರೂ ರೈತನಿಗೆ ಸಾಲ ಮಂಜೂರು ಮಾಡುವವರೂ ಒಬ್ಬರೇ ಆಗಿರಬಹುದು. ತಪಾಸಣೆ ನಡೆಯುವಷ್ಟು ದಿನ ಉಳಿದ ಕೆಲಸ ಕುಂಟುತ್ತದೆ. ದೊಡ್ಡ ಬ್ಯಾಂಕಿಗಾದರೆ ಇದಕ್ಕೆಂದೇ ಪ್ರತ್ಯೇಕ ಇಲಾಖೆ ಇರುತ್ತದೆ. ರಿಯಾಯಿತಿಯೂ ಬೇಕಾಬಿಟ್ಟಿಯಲ್ಲ. ಬಂಡವಾಳ ಭದ್ರವಾಗಿರಬೇಕು, ಶ್ರೇಣಿ 1 ಅಥವಾ 2 ಇರಬೇಕು, ಮೇಲೆ ಶಿಸ್ತುಕ್ರಮ ಇರಬಾರದು, ಹಿಂದಿನ 12 ತಿಂಗಳಲ್ಲಿ ಒಡೆತನ ಕೈ ಬದಲಾಗಿರಬಾರದು. ಮೂರು ತಿಂಗಳಿಗೊಮ್ಮೆ ಲೆಕ್ಕಪತ್ರ ಕಳಿಸುವುದು ಹೇಗೂ ತಪ್ಪದು. ಸಂಶಯ ಬಂದರೆ ಅಧಿಕಾರಿಗಳು ಅವಧಿಗೆ ಮೊದಲೇ ಬರಬಹುದು.

ಆದರೆ ಕಳಿಸಿದ ಲೆಕ್ಕವೇ ಸುಳ್ಳಾಗಿದ್ದರೆ? ಓಕ್ಲಹೋಮ ರಾಜ್ಯದ ಲಿಂಡ್ಸೆ ಎಂಬ ಊರಿನ ಫಸ್ಟ್ ನ್ಯಾಷನಲ್ ಬ್ಯಾಂಕ್ 2024ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಅದರ ಆಸ್ತಿ ಸುಮಾರು 10.8 ಕೋಟಿ ಡಾಲರ್, ಅಷ್ಟೆ. ದಾಖಲೆಗಳು ಸುಳ್ಳು, ಬಂಡವಾಳ ಕರಗಿದೆ ಎಂದು ನಿಯಂತ್ರಕ ಸಂಸ್ಥೆ ಪ್ರಕಟಿಸಿತು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಇದು. ವಿಮೆಯ ಮಿತಿಯಾದ 2.5 ಲಕ್ಷ ಡಾಲರ್‌ವರೆಗಿನ ಠೇವಣಿಗೆ ಮೋಸವಾಗಲಿಲ್ಲ. ಅದಕ್ಕಿಂತ ಹೆಚ್ಚು ಇಟ್ಟವರಿಗೆ, ಮಿತಿ ಮೀರಿದ ಹಣದಲ್ಲಿ ಮೊದಲು ಸಿಕ್ಕಿದ್ದು ಅರ್ಧ ಮಾತ್ರ.

ಅಂಕಿಗಳನ್ನು ದೂರದಿಂದ ಓದಬಹುದು. ಅವು ನಿಜವೇ ಎಂದು ತಿಳಿಯಲು ಕಡತ ಬಿಚ್ಚಿಯೇ ನೋಡಬೇಕು. ಆದ್ದರಿಂದ ಚರ್ಚೆ ತಿಂಗಳುಗಳ ಲೆಕ್ಕಕ್ಕೇ ನಿಲ್ಲಬಾರದು. ಬೇಡದ ಕಾಗದಪತ್ರ ಕಡಿಮೆಯಾಗಲಿ, ಸಣ್ಣ ಬ್ಯಾಂಕು ಉಸಿರಾಡಲಿ. ಆದರೆ ಮೂಲ ದಾಖಲೆಯನ್ನು ಕೈಯಲ್ಲಿ ಹಿಡಿದು ನೋಡುವ ಕೆಲಸ ಮಾತ್ರ ಸಡಿಲವಾಗಬಾರದು. ಸಣ್ಣ ಊರಿನಲ್ಲಿ ಬ್ಯಾಂಕು ಮುಳುಗಿದರೆ ಹೋಗುವುದು ಅಕ್ಕಪಕ್ಕದವರ ಉಳಿತಾಯ. ಅದರಲ್ಲಿ ಮಕ್ಕಳ ಕಾಲೇಜು ಶುಲ್ಕಕ್ಕೆಂದು ಕೂಡಿಟ್ಟದ್ದೂ ಸೇರಿರುತ್ತದೆ.