ಕಾಯುವಿಕೆಯೆಲ್ಲ ಸಂಯಮವಲ್ಲ

ಒಂಬತ್ತು ವರ್ಷಗಳಿಗೂ ಹಿಂದಿನ ಮಾತು. 2016ರ ಡಿಸೆಂಬರಿನಲ್ಲಿ ಜಪಾನಿನ ನಿಸಾನ್ ಸಂಸ್ಥೆಯ ಜಿಟಿ-ಆರ್ ಎಂಬ ಸ್ಪೋರ್ಟ್ಸ್ ಕಾರು ಭಾರತದಲ್ಲಿ ಮಾರಾಟಕ್ಕೆ ಬಂದಿತು. ಷೋರೂಮಿನ ಬೆಲೆ 1 ಕೋಟಿ 99 ಲಕ್ಷ ರೂಪಾಯಿ. ನನ್ನ ಪರಿಚಯದ ಗೃಹಸ್ಥರೊಬ್ಬರಿಗೆ ಅದರ ಮೇಲೆ ಮನಸ್ಸಾಯಿತು. ಅವರಿಗೆ ಆಗ ಐವತ್ಮೂರು ವಯಸ್ಸು. ಸಾಲವಿಲ್ಲ, ಮಕ್ಕಳ ಮದುವೆಗಳು ಮುಗಿದಿವೆ, ದಾನಧರ್ಮಗಳಲ್ಲಿ ಹಿಂದೆ ಬಿದ್ದವರಲ್ಲ. ಯೌವನದಿಂದಲೂ ವಾಹನ ನಡೆಸುವುದೊಂದೇ ಅವರ ಹವ್ಯಾಸ. "ಕೊಳ್ಳಲೇ, ಅಥವಾ ಹೊಸ ಪೀಳಿಗೆಯ ಮಾದರಿ ಬರುವವರೆಗೆ ಕಾಯಲೇ?" ಎಂದು ಅವರು ಹತ್ತು ಜನರನ್ನು ಕೇಳಿದರು. ಹತ್ತೂ ಜನ ಕೊಟ್ಟ ಉತ್ತರ ಒಂದೇ: "ಅವಸರವೇಕೆ? ಸ್ವಲ್ಪ ತಡೆಯಿರಿ." ಆ ಹತ್ತು ಜನರಲ್ಲಿ ನಾನೂ ಒಬ್ಬ. ಅಂದು ಹಾಗೆ ಹೇಳಿ ವಿವೇಕದ ಮಾತನಾಡಿದೆನೆಂದು ತಿಳಿದಿದ್ದೆ. ಆ ತಿಳಿವಳಿಕೆ ತಪ್ಪಾಗಿತ್ತೆಂದು ಒಪ್ಪಿಕೊಂಡು, ಆ ಬಗೆಯ ವಿವೇಕವನ್ನೇ ಖಂಡಿಸುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ಒಂದು ರೂಢಿ ಬೇರೂರಿದೆ. ಕೊಂಡವನನ್ನು ನಾವು ಭೋಗಿ ಎನ್ನುತ್ತೇವೆ. ಕೊಳ್ಳದೆ ಕಾಯುವವನನ್ನು ಸಂಯಮಿ ಎನ್ನುತ್ತೇವೆ. ಆದರೆ ಕಾಯುವವನು ಏನನ್ನು ಬಿಟ್ಟಿದ್ದಾನೆ? ಹಣವನ್ನು ಬಿಟ್ಟಿಲ್ಲ, ಅದು ಠೇವಣಿಯಲ್ಲಿದೆ. ಆಸೆಯನ್ನು ಬಿಟ್ಟಿಲ್ಲ, ಅದು ದಿನದಿನಕ್ಕೆ ಬೆಳೆಯುತ್ತಿದೆ. ಅವನು ಬಿಟ್ಟಿರುವುದು ನಿರ್ಣಯವೊಂದನ್ನೇ. ನಿರ್ಣಯವನ್ನು ಮುಂದೂಡುವುದಕ್ಕೆ ಸಂಯಮವೆಂಬ ದೊಡ್ಡ ಹೆಸರನ್ನು ಕೊಟ್ಟವರು ಯಾರು?

ಮೊದಲು ಆ ಕಾರಿನ ಚರಿತ್ರೆಯನ್ನೇ ನೋಡೋಣ. ಆರ್ 35 ಎಂಬ ಸಂಕೇತದ ಆ ಜಿಟಿ-ಆರ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 2007ರ ಡಿಸೆಂಬರಿನಲ್ಲಿ. ಆಗ ಅದರ ಎಂಜಿನ್ನಿನ ಬಲ 480 ಅಶ್ವಶಕ್ತಿ. 2011ರ ಮಾದರಿಯಲ್ಲಿ ಅದು 530 ಆಯಿತು, 2012ರದರಲ್ಲಿ 550, 2017ರದರಲ್ಲಿ 570. ನಡುನಡುವೆ ತಡೆ, ತೂಗುವ್ಯವಸ್ಥೆ, ಒಳಾಂಗಣ ಎಲ್ಲವೂ ತಿದ್ದುಪಡಿಯಾಗುತ್ತ ಬಂದವು. ಹೀಗೆ ಒಂದೇ ಪೀಳಿಗೆಯ ಕಾರು ಹದಿನೆಂಟು ವರ್ಷ ಬಾಳಿತು. 2008ರಲ್ಲಿ "ಮುಂದಿನ ತಿದ್ದುಪಡಿ ಬರಲಿ" ಎಂದವನಿಗೆ ಆ ಮಾತನ್ನು ಹೇಳಲು ಪ್ರತಿವರ್ಷವೂ ಹೊಸ ಕಾರಣ ದೊರೆಯುತ್ತಿತ್ತು. ಕಡೆಗೆ 2025ರ ಆಗಸ್ಟ್ 26ರಂದು ಟೊಚಿಗಿಯ ಕಾರ್ಖಾನೆಯಲ್ಲಿ ಕೊನೆಯ ಕಾರು ಸಿದ್ಧವಾಗಿ ಉತ್ಪಾದನೆ ನಿಂತಿತು. ಒಟ್ಟು ತಯಾರಾದವು ಸುಮಾರು 48,000. ಅಂದು ಅದರ ಸ್ಥಾನವನ್ನು ತುಂಬಲು ಹೊಸ ಪೀಳಿಗೆಯ ಕಾರು ಸಿದ್ಧವಾಗಿರಲಿಲ್ಲ. ನನ್ನ ಪರಿಚಿತರು ಕಾದದ್ದು ಆ ಬಾರದ ಕಾರಿಗಾಗಿ.

ಇಲ್ಲಿ ಎದುರುವಾದಿ ಹೇಳಬಹುದು: "ಹತ್ತು ವರ್ಷ ಕಾದವನಿಗೆ 90 ಅಶ್ವಶಕ್ತಿ ಹೆಚ್ಚು ದೊರೆಯಿತಲ್ಲ!" ದೊರೆಯಿತು, ನಿಜ. ಆದರೆ 2007ರಲ್ಲಿ 77 ಲಕ್ಷ 70 ಸಾವಿರ ಯೆನ್‌ನಿಂದ ಆರಂಭವಾಗಿದ್ದ ಬೆಲೆ ಕೊನೆಯ ಮಾದರಿಯ ವೇಳೆಗೆ 1 ಕೋಟಿ 40 ಲಕ್ಷ ಯೆನ್ ಮೀರಿತ್ತು. ಲೆಕ್ಕಪುಸ್ತಕದ ಒಂದು ಪುಟವನ್ನಷ್ಟೇ ಓದಿ ಲಾಭವೆಂದು ಸಾರುವುದು ವ್ಯಾಪಾರಿಯ ಲಕ್ಷಣವಲ್ಲ. ಅಲ್ಲದೆ, ಸಾರ್ವಜನಿಕ ರಸ್ತೆಯಲ್ಲಿ ನ್ಯಾಯವಾಗಿ ವಾಹನ ನಡೆಸುವವನು 480 ಅಶ್ವಶಕ್ತಿಯನ್ನೇ ಪೂರ್ಣವಾಗಿ ಬಳಸಲಾರ. ಬಳಸಲಾಗದ ಮೊದಲ ಭಾಗಕ್ಕೆ ಬಳಸಲಾಗದ ಎರಡನೆಯ ಭಾಗವನ್ನು ಕೂಡಿಸಿದರೆ ಅದು ಪ್ರಯೋಜನವಾಗುವುದೇ?

ತಿದ್ದುಪಡಿಯೆಂದರೆ ಸುಧಾರಣೆಯೆಂಬ ನಂಬಿಕೆಯೂ ಪರೀಕ್ಷೆಗೆ ನಿಲ್ಲದು. ಜರ್ಮನಿಯ ಪೋರ್ಷೆ ಸಂಸ್ಥೆಯ ಬಾಕ್ಸ್‌ಸ್ಟರ್ ಮತ್ತು ಕೇಮನ್ ಎಂಬ ಕಾರುಗಳಲ್ಲಿ ಆರು ಸಿಲಿಂಡರುಗಳ ಎಂಜಿನ್ ಇರುತ್ತಿತ್ತು. 2016ರಲ್ಲಿ 718 ಎಂಬ ಹೆಸರಿನೊಡನೆ ಹೊಸ ಮಾದರಿ ಬಂದಾಗ ಅದರಲ್ಲಿ ಟರ್ಬೊ ಅಳವಡಿಸಿದ ನಾಲ್ಕು ಸಿಲಿಂಡರುಗಳ ಎಂಜಿನ್ ಇತ್ತು. ಕಾಗದದ ಮೇಲೆ ಬಲ ಹೆಚ್ಚಿತ್ತು. ಆದರೆ ಆ ಕಾರುಗಳ ಅಭಿಮಾನಿಗಳು ಮೆಚ್ಚಿದ್ದ ನಾದ ಹೋಗಿತ್ತು. ಅವರು ಬಹಿರಂಗವಾಗಿಯೇ ಅಸಮಾಧಾನ ತೋರಿದರು. 2020ರಲ್ಲಿ 4 ಲೀಟರಿನ ಆರು ಸಿಲಿಂಡರುಗಳ ಎಂಜಿನ್ನನ್ನು ಜಿಟಿಎಸ್ ಮಾದರಿಯಲ್ಲಿ ಮರಳಿ ತರಲಾಯಿತು. ಅದಕ್ಕೆ ಬೆಲೆಯೂ ಹೆಚ್ಚು. 2015ರಲ್ಲಿ ಕೈಯಳತೆಯಲ್ಲಿದ್ದುದನ್ನು ಬಿಟ್ಟು ಹೊಸತಕ್ಕೆ ಕಾದವನು, ತಾನು ಬಿಟ್ಟದ್ದನ್ನೇ ಹೆಚ್ಚು ಹಣ ತೆತ್ತು ಹುಡುಕಬೇಕಾಯಿತು.

ಇನ್ನೊಂದು ಅಪಾಯವಿದೆ. ಕಾಯುವವನು ತಯಾರಕನೊಬ್ಬನನ್ನೇ ನೋಡುತ್ತಿರುತ್ತಾನೆ. ಕಾನೂನು ತನ್ನ ಪಾಡಿಗೆ ತಾನು ನಡೆಯುತ್ತಿರುತ್ತದೆ. ಯುರೋಪಿನಲ್ಲಿ ಜಿಟಿ-ಆರ್ ಮಾರಾಟ 2022ರಲ್ಲಿಯೇ ನಿಂತಿತು. ಕಾರಣ, ವಾಹನಗಳ ಶಬ್ದವನ್ನು ಕುರಿತ ನಿಯಮಗಳು. ಟೊಯೊಟಾದ ಜಿಆರ್ 86 ಎಂಬ, ಹೋಲಿಕೆಯಲ್ಲಿ ಅಗ್ಗವಾದ ಸ್ಪೋರ್ಟ್ಸ್ ಕಾರು ಯುರೋಪಿನಲ್ಲಿ ದೊರೆತದ್ದು ಕೇವಲ ಎರಡು ವರ್ಷ. 2024ರ ಜುಲೈಯಲ್ಲಿ ಜಾರಿಯಾದ ಸುರಕ್ಷತಾ ನಿಯಮಗಳಿಗೆ ಅದನ್ನು ಹೊಂದಿಸುವ ಬದಲು ಅಲ್ಲಿ ಮಾರಾಟ ನಿಲ್ಲಿಸುವುದೇ ಲೇಸೆಂದು ತಯಾರಕರು ತೀರ್ಮಾನಿಸಿದರು. ಬ್ರಿಟನ್ನಿನಲ್ಲಿ 2022ರಲ್ಲಿ ಬಂದ ಅದರ ಮೊದಲ ಕಂತು ತೊಂಬತ್ತು ನಿಮಿಷಗಳಲ್ಲಿ ಮಾರಾಟವಾಗಿ ಹೋಗಿತ್ತು. ಶಬ್ದವನ್ನೂ ಅಪಘಾತವನ್ನೂ ತಗ್ಗಿಸುವ ನಿಯಮಗಳನ್ನು ನಾನು ದೂಷಿಸುತ್ತಿಲ್ಲ, ಅವು ಇರಲೇಬೇಕು. ತೆರೆದ ಬಾಗಿಲು ಎಂದೆಂದಿಗೂ ತೆರೆದೇ ಇರುತ್ತದೆಂಬ ಭ್ರಮೆಯನ್ನು ಮಾತ್ರ ದೂಷಿಸುತ್ತಿದ್ದೇನೆ.

ಇನ್ನು ಹಣವನ್ನೂ ಕೊಟ್ಟು ಕಾಯುವವರ ಕಥೆ. ಅಮೆರಿಕದ ಟೆಸ್ಲಾ ಸಂಸ್ಥೆ 2017ರ ನವೆಂಬರಿನಲ್ಲಿ ರೋಡ್‌ಸ್ಟರ್ ಎಂಬ ವಿದ್ಯುತ್ ಸ್ಪೋರ್ಟ್ಸ್ ಕಾರಿನ ಹೊಸ ಮಾದರಿಯನ್ನು ಪ್ರದರ್ಶಿಸಿತು. 2020ರಲ್ಲಿ ತಯಾರಿಕೆ ಎಂಬುದು ಅಂದಿನ ಮಾತು. ಬೆಲೆ 2 ಲಕ್ಷ ಡಾಲರಿನಿಂದ ಆರಂಭ. ಕಾದಿರಿಸಲು ಮುಂಗಡ 50,000 ಡಾಲರ್. ಮೊದಲ ಸಾವಿರ ವಿಶೇಷ ಕಾರುಗಳಿಗಾದರೆ ಪೂರ್ಣ ಬೆಲೆ ಎರಡೂವರೆ ಲಕ್ಷ ಡಾಲರನ್ನೂ ಮೊದಲೇ ತೆರಬೇಕು. 2025ನೆಯ ಇಸವಿ ಮುಗಿದಾಗಲೂ ಒಬ್ಬ ಗ್ರಾಹಕನ ಕೈಗೂ ಆ ಕಾರು ಸೇರಿರಲಿಲ್ಲ. 50,000 ಡಾಲರಿಗೆ ಶೇಕಡಾ 6ರಂತೆ ಸರಳ ಬಡ್ಡಿ ಹಾಕಿದರೂ ವರ್ಷಕ್ಕೆ 3,000. ಎಂಟು ವರ್ಷಕ್ಕೆ 24,000 ಡಾಲರ್. ಎರಡೂವರೆ ಲಕ್ಷ ತೆತ್ತವನಿಗಾದರೆ 1 ಲಕ್ಷ 20 ಸಾವಿರ. ಗ್ರಾಹಕನು ಕೊಟ್ಟ ಮುಂಗಡವು ಮಾರುವವನ ಖಾತೆಯಲ್ಲಿ ಹೊಣೆಗಾರಿಕೆಯಾಗಿ ನಿಲ್ಲುತ್ತದೆ ಎಂಬುದು ವಾಣಿಜ್ಯಶಾಸ್ತ್ರದ ಮೊದಲ ಪಾಠ. ಬಡ್ಡಿಯಿಲ್ಲದ ಸಾಲವನ್ನು ದೊಡ್ಡ ಸಂಸ್ಥೆಗೆ ಕೊಟ್ಟು, ಅದನ್ನು ತನ್ನ ದೂರದೃಷ್ಟಿಯೆಂದು ಹೇಳಿಕೊಳ್ಳುವುದು ಎಂತಹ ಜಾಣತನ!

ಹಾಗಾದರೆ ಕಾಯುವುದೇ ತಪ್ಪೇ? ಅಲ್ಲ. ನ್ಯಾಯವಾದ ಕಾಯುವಿಕೆಗೆ ದಿನಾಂಕವಿರುತ್ತದೆ, ಅಂಕಿಯಿರುತ್ತದೆ. ನಮ್ಮ ದೇಶದ್ದೇ ಉದಾಹರಣೆ ಕೊಡುತ್ತೇನೆ. ದೊಡ್ಡ ಎಂಜಿನ್ನಿನ ಪೆಟ್ರೋಲ್ ಕಾರುಗಳ ಮೇಲೆ ಶೇಕಡಾ 28 ಸರಕು ಮತ್ತು ಸೇವಾ ತೆರಿಗೆ, ಅದರ ಮೇಲೆ ಶೇಕಡಾ 20 ಪರಿಹಾರ ಸೆಸ್, ಒಟ್ಟು ಶೇಕಡಾ 48 ಇತ್ತು. ಸೆಸ್ಸನ್ನು ತೆಗೆದು ಒಂದೇ ದರವಾಗಿ ಶೇಕಡಾ 40 ವಿಧಿಸಲು ತೆರಿಗೆ ಮಂಡಳಿ 2025ರ ಸೆಪ್ಟೆಂಬರ್ 3ರಂದು ತೀರ್ಮಾನಿಸಿತು. ಸೆಪ್ಟೆಂಬರ್ 22ರಿಂದ ಅದು ಜಾರಿಗೆ ಬಂದಿತು. ತೆರಿಗೆಗೆ ಮೊದಲಿನ ಬೆಲೆ 1 ಕೋಟಿಯಾಗಿದ್ದರೆ ಉಳಿತಾಯ 8 ಲಕ್ಷ. ಕಾಯಬೇಕಾದದ್ದು ಹತ್ತೊಂಬತ್ತು ದಿನ. ಆ ಹತ್ತೊಂಬತ್ತು ದಿನ ಕಾಯದವನು ಅವಿವೇಕಿ. ಹದಿನೆಂಟು ವರ್ಷ ಕಾದವನೂ ಅವಿವೇಕಿಯೇ. ಇವೆರಡರ ನಡುವಿನ ಅಂತರವನ್ನು ಕಾಣುವುದೇ ವಿವೇಕ.

2025ರ ಜುಲೈ 24ರಂದು ಬ್ರಿಟನ್ನಿನೊಡನೆ ಸಹಿಯಾದ ವ್ಯಾಪಾರ ಒಪ್ಪಂದವನ್ನು ತೋರಿಸಿ, "ಆಮದು ಸುಂಕ ಶೇಕಡಾ 10ಕ್ಕೆ ಇಳಿಯಲಿದೆ, ಆದುದರಿಂದ ಕಾಯುತ್ತೇನೆ" ಎನ್ನುವವರಿದ್ದಾರೆ. ಅವರು ಒಪ್ಪಂದವನ್ನು ಪೂರ್ತಿಯಾಗಿ ಓದಲಿ. ಆ ಇಳಿಕೆ ಹಂತಹಂತವಾದುದು. ನಿಗದಿತ ಸಂಖ್ಯೆಯ ಮಿತಿಗೆ ಒಳಪಟ್ಟುದು. ಬ್ರಿಟನ್ನಿನಿಂದ ಬರುವ ಕಾರುಗಳಿಗೆ ಸಂಬಂಧಿಸಿದುದು. ತಾನು ಬಯಸಿದ ಕಾರು ಆ ಪಟ್ಟಿಗೆ ಸೇರುವುದೇ, ಯಾವ ವರ್ಷ, ಎಷ್ಟು ಇಳಿಕೆ ಎಂದು ಬರೆದಿಟ್ಟುಕೊಂಡು ಕಾದರೆ ಅದು ಯೋಜನೆ. ಗಾಳಿಮಾತನ್ನು ನಂಬಿ ಕಾದರೆ ಅದು ಆಲಸ್ಯ.

ಮತ್ತೆರಡು ಕಾರಣಗಳನ್ನೂ ಒಪ್ಪುತ್ತೇನೆ. ಒಂದು, ಹೊಚ್ಚಹೊಸ ವಿನ್ಯಾಸದ ಮೊದಲ ವರ್ಷ. ಜಿಟಿ-ಆರ್‌ನ ಮೊದಲ ಕಾರುಗಳಲ್ಲಿ, ನಿಂತಲ್ಲಿಂದ ಒಮ್ಮೆಲೆ ಚಿಮ್ಮುವ ವ್ಯವಸ್ಥೆಯನ್ನು ಬಳಸಿದ ಕೆಲವರ ಗೇರ್‌ಪೆಟ್ಟಿಗೆಗಳು ಕೆಟ್ಟವು. 2009ರ ಮಾದರಿಯಲ್ಲಿ ಸಂಸ್ಥೆ ಆ ವ್ಯವಸ್ಥೆಯ ಕ್ರಮವನ್ನೇ ಬದಲಿಸಿತು. ಕಂಡುಬಂದ ದೋಷ ಪರಿಹಾರವಾಗುವವರೆಗೆ ಒಂದು ವರ್ಷ ತಡೆಯುವುದು ಸರಿಯಾದುದೇ. ಇನ್ನೊಂದು, ಕೈಯಲ್ಲಿ ಹಣವಿಲ್ಲದಿರುವುದು. ಸಾಲ ಮಾಡಿ, ಹತ್ತು ಜನರ ಕಣ್ಣು ಕುಕ್ಕಲು ಕೊಳ್ಳುವವನ ಪರವಾಗಿ ನಾನು ಒಂದಕ್ಷರವನ್ನೂ ಬರೆಯುತ್ತಿಲ್ಲ. ಅವನು ಕಾಯಲಿ, ಎಂದೆಂದಿಗೂ ಕಾಯಲಿ.

ಇನ್ನು ಧರ್ಮದ ಮಾತು. ಪರಿಗ್ರಹವೆಂಬುದು ವಸ್ತುವಿನಲ್ಲಿಲ್ಲ, ವಸ್ತುವಿನ ಮೇಲಿನ ಮೂರ್ಛೆಯಲ್ಲಿದೆ ಎಂದು ನಮ್ಮ ಆಚಾರ್ಯರು ನಿರ್ಣಯಿಸಿರುವುದನ್ನು ಈ ಪತ್ರಿಕೆಯ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆ ಅಳತೆಗೋಲನ್ನು ಇಲ್ಲಿಗೆ ತನ್ನಿರಿ. ಕಾರನ್ನು ಕೊಂಡು, ಭಾನುವಾರ ಮುಂಜಾನೆ ಒಂದು ಗಂಟೆ ನಡೆಸಿ, ಒರೆಸಿಟ್ಟು ಮರೆಯುವವನಲ್ಲಿ ಮೂರ್ಛೆ ಹೆಚ್ಚೇ? ಅಥವಾ ಕೊಳ್ಳದೆ, ಪ್ರತಿರಾತ್ರಿ ಮುಂದಿನ ಮಾದರಿಯ ಚಿತ್ರಗಳನ್ನೂ ವದಂತಿಗಳನ್ನೂ ನೋಡುತ್ತ, ಊಟದ ಹೊತ್ತಿಗೂ ಅದನ್ನೇ ಮಾತನಾಡುವವನಲ್ಲಿ ಹೆಚ್ಚೇ? ಮೊದಲನೆಯವನ ಪರಿಗ್ರಹ ಒಂದು ಕಾರು, ಅದಕ್ಕೆ ಮಿತಿಯಿದೆ. ಎರಡನೆಯವನ ಪರಿಗ್ರಹ ಇನ್ನೂ ಹುಟ್ಟದ ಎಲ್ಲ ಕಾರುಗಳು, ಅದಕ್ಕೆ ಮಿತಿಯಿಲ್ಲ. ಪರಿಮಾಣವ್ರತದ ಸಾರವೇ ಎಣಿಕೆ. ಎಣಿಸಲಾಗದುದಕ್ಕೆ ಪರಿಮಾಣವನ್ನು ಎಲ್ಲಿಂದ ಹಾಕುವುದು?

"ಹಾಗಾದರೆ ಬಿಟ್ಟೇಬಿಡುವುದು ಉತ್ತಮವಲ್ಲವೇ?" ಎನ್ನುವಿರಾದರೆ, ನಿಸ್ಸಂದೇಹವಾಗಿ ಉತ್ತಮ. ಬೇಡವೆಂದು ನಿಶ್ಚಯಿಸಿ, ಆ ಹಣಕ್ಕೆ ಬೇರೊಂದು ಸದುಪಯೋಗ ಕಂಡು, ಆ ವಿಷಯವನ್ನು ಮನಸ್ಸಿನಿಂದ ಇಳಿಸಿದವನಿಗೆ ನಾನು ಕೈಮುಗಿಯುತ್ತೇನೆ. ಅದು ತ್ಯಾಗ. ನನ್ನ ವಿರೋಧವೆಲ್ಲ ತ್ಯಾಗದ ವೇಷ ತೊಟ್ಟ ಚಪಲದ ಮೇಲೆ.

ಆದುದರಿಂದ ಕೇಳಿದವರಿಗೆ ಈಗ ನಾನು ಕೊಡುವ ಸಲಹೆ ಹೀಗಿದೆ. ಒಂದು ಕಾಗದದ ಮೇಲೆ ಮೂರು ಸಾಲು ಬರೆಯಿರಿ. ಸಾಲವಿಲ್ಲದೆ, ದಾನದ ಪಾಲನ್ನು ಮುಟ್ಟದೆ ಈ ಹಣ ನನ್ನಲ್ಲಿದೆಯೇ? ಇಂದು ಅಂಗಡಿಯಲ್ಲಿ ನಿಂತಿರುವ ಕಾರು, ಅದು ಇರುವಂತೆಯೇ, ನನಗೆ ಸಾಕೇ? ಕಾಯುವುದಾದರೆ ಯಾವ ದಿನಾಂಕದವರೆಗೆ, ಯಾವ ಲಾಭಕ್ಕಾಗಿ? ಮೊದಲೆರಡಕ್ಕೆ ಹೌದೆಂಬ ಉತ್ತರ ಬಂದು, ಮೂರನೆಯ ಸಾಲು ಖಾಲಿ ಉಳಿದರೆ, ಕೊಳ್ಳಿರಿ. ಮೊದಲೆರಡರಲ್ಲಿ ಒಂದಕ್ಕಾದರೂ ಇಲ್ಲವೆಂದು ಬಂದರೆ, ಬಿಡಿರಿ. ಕೊಂಡ ಮೇಲೆ ಹೊಸ ಮಾದರಿ ಬಂದರೆ ಬರಲಿ. ಬಾರದಿರುವ ಕಾಲವೇ ಇಲ್ಲ.

ನನ್ನ ಪರಿಚಿತರಿಗೆ ಈಗ ಅರುವತ್ತು ದಾಟಿದೆ. ಎರಡೂ ಮಂಡಿಗಳಲ್ಲಿ ನೋವು. ಅಂತಹ ಕಾರುಗಳ ಆಸನ ನೆಲಕ್ಕೆ ಬಹಳ ಹತ್ತಿರ. ಕುಳಿತರೆ ಮತ್ತೊಬ್ಬರ ಕೈ ಹಿಡಿಯದೆ ಏಳಲಾಗದು. ಹಣ ಠೇವಣಿಯಲ್ಲಿಯೇ ಇದೆ, ಬಡ್ಡಿಯೂ ಕೂಡಿದೆ. ಕಳೆದ ಸಾರಿ ಭೇಟಿಯಾದಾಗ ಅವರು ನಗುತ್ತ ಹೇಳಿದರು: "ಕಾರಿಗೆ ವರ್ಷವರ್ಷವೂ ತಿದ್ದುಪಡಿ ಬರುವುದನ್ನು ಲೆಕ್ಕ ಹಾಕಿದೆ, ನನ್ನ ದೇಹಕ್ಕೂ ಬರುವುದನ್ನು ಲೆಕ್ಕ ಹಾಕಲಿಲ್ಲ."

ಅವರು ಕೊಂಡವರೂ ಅಲ್ಲ, ತ್ಯಜಿಸಿದವರೂ ಅಲ್ಲ. ಅವರನ್ನು ಆ ಸ್ಥಿತಿಗೆ ತಂದವರಲ್ಲಿ "ತಡೆಯಿರಿ" ಎಂದ ನಾನೂ ಸೇರಿದ್ದೇನೆ. ಕೇಳಿದವನಿಗೆ ಕಾಯಲು ಹೇಳುವುದು ಸಲಹೆಗಾರನಿಗೆ ಸುಲಭ. ಅದರಲ್ಲಿ ಅವನು ಕಳೆದುಕೊಳ್ಳುವುದು ಏನೂ ಇಲ್ಲ. ಮುಂದೆ ಯಾರಾದರೂ ನಿಮ್ಮ ಬಳಿಗೆ ಬಂದು ಈ ಪ್ರಶ್ನೆ ಕೇಳಿದರೆ, ದಯವಿಟ್ಟು ಕೊಳ್ಳಿರಿ ಎನ್ನಿ, ಇಲ್ಲವೇ ಬಿಡಿರಿ ಎನ್ನಿ. ದಿನಾಂಕವನ್ನು ಹೇಳಲಾರದೆ ಕಾಯಿರಿ ಎಂದು ಮಾತ್ರ ಹೇಳದಿರಿ.