ಪಾವಗಡದ ಪೆಟ್ಟಿಗೆಗಳ ಮೇಲೆ ಒಂದು ಸಂಖ್ಯೆ ಬರೆಸಿ

ರಾಜ್ಯದ ಮುಖ್ಯ ವಿದ್ಯುತ್ ಪರಿವೀಕ್ಷಕರಿಗೆ ಬಹಿರಂಗ ಪತ್ರ



1905ರಲ್ಲಿ ಶಿವನಸಮುದ್ರದ ಕರೆಂಟು ಬಂದು ನಮ್ಮ ಪೇಟೆಯ ಬೀದಿದೀಪ ಹೊತ್ತಿದಾಗಿನಿಂದ ಬೆಂಗಳೂರು ಬೇರೆ ಊರುಗಳ ಕರೆಂಟಿನ ಮೇಲೆಯೇ ಬದುಕಿದೆ. ಬಸವನಗುಡಿಯ ನನ್ನ ಮನೆಯ ಫ್ಯಾನು ತಿರುಗುವುದರಲ್ಲಿ ಈಗ ಪಾವಗಡದ ಬಿಸಿಲಿನ ಪಾಲೂ ಇದೆ. ಆ ಋಣದಿಂದಲೇ ಈ ಪತ್ರ.

ಪಾವಗಡದ ಸೋಲಾರ್ ಪಾರ್ಕ್ ಸುಮಾರು 13,000 ಎಕರೆ, 2,050 ಮೆಗಾವಾಟ್. ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಊರುಗಳ ರೈತರು ಗುತ್ತಿಗೆಗೆ ಕೊಟ್ಟ ಹೊಲ ಅದು. ಅದೇ ಊರುಗಳ ಹುಡುಗರು ಅಲ್ಲಿ ಹುಲ್ಲು ಕೀಳುತ್ತಾರೆ, ಪ್ಯಾನೆಲ್ ತೊಳೆಯುತ್ತಾರೆ, ಕಾವಲು ಕಾಯುತ್ತಾರೆ.

ಇಂಥ ಸ್ಥಾವರದಲ್ಲಿ ನನ್ನ ಚಿಂತೆಯೆಲ್ಲ ಕಂಬೈನರ್ ಬಾಕ್ಸಿನದು, ಅಂದರೆ ಹಲವು ಪ್ಯಾನೆಲ್ ಸರಣಿಗಳ (ಸ್ಟ್ರಿಂಗುಗಳ) ಕರೆಂಟು ಬಂದು ಸೇರುವ ಪೆಟ್ಟಿಗೆಯದು. ಬಾಗಿಲು ತೆರೆದರೆ ಸಾಲಾಗಿ ಫ್ಯೂಸುಗಳು, ಒಂದೊಂದು ಸ್ಟ್ರಿಂಗಿಗೆ ಒಂದೊಂದು. ಲೋಡ್ ಹರಿಯುತ್ತಿರುವಾಗ ಒಂದನ್ನು ಎಳೆದರೂ ಸಾಕು, ಎರಡು ತುದಿಗಳ ನಡುವೆ ಗಾಳಿಯಲ್ಲೇ ಕರೆಂಟು ಹರಿದು ಆರ್ಕ್ ಹೊತ್ತಿಕೊಳ್ಳುತ್ತದೆ. ಮನೆಯ ಎ.ಸಿ. ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗಿಳಿಯುವುದರಿಂದ ಆರ್ಕ್ ನಂದಲು ಅವಕಾಶವುಂಟು. ಪ್ಯಾನೆಲ್ ಕೊಡುವ ಡಿ.ಸಿ.ಗೆ ಆ ಬಿಡುವೇ ಇಲ್ಲ. ಸಾಲದ್ದಕ್ಕೆ, ಪ್ಯಾನೆಲ್ ಶಾರ್ಟ್ ಆದಾಗ ಕೊಡುವ ಕರೆಂಟು ದಿನನಿತ್ಯದ ಕರೆಂಟಿಗಿಂತ ಸ್ವಲ್ಪವೇ ಹೆಚ್ಚು. ಅನಾಹುತವಾಗಿದೆ ಎಂದು ಎಷ್ಟೋ ಸಲ ಫ್ಯೂಸಿಗೆ ಗೊತ್ತಾಗುವುದೇ ಇಲ್ಲ. ಇನ್ವರ್ಟರ್ ಆಫ್ ಮಾಡಿದರೂ ಬಿಸಿಲಿರುವವರೆಗೆ ಪ್ಯಾನೆಲ್ ಕಡೆಯ ವೋಲ್ಟೇಜ್ ಹೋಗುವುದಿಲ್ಲ.

ಒಂದು ಲೆಕ್ಕ ನೋಡಿ. 1,500 ವೋಲ್ಟ್, ತಲಾ 10 ಆಂಪಿಯರಿನ 24 ಸ್ಟ್ರಿಂಗ್, ಕೆಲಸಗಾರ ನಿಂತದ್ದು 45 ಸೆಂ.ಮೀ. ದೂರದಲ್ಲಿ, ಆರ್ಕ್ ಉರಿದದ್ದು 2 ಸೆಕೆಂಡ್. ಅಷ್ಟೂ ಸ್ಟ್ರಿಂಗುಗಳ ಪೂರ್ತಿ ಕರೆಂಟು ಆರ್ಕಿನಲ್ಲಿ ಹರಿದರೆ, ಡೋನ್ ಎಂಬ ಎಂಜಿನಿಯರ್ ಕೊಟ್ಟ ಸೂತ್ರದ ಪ್ರಕಾರ ಮೈಮೇಲೆ ಪ್ರತಿ ಚದರ ಸೆಂ.ಮೀ.ಗೆ ಸುಮಾರು 3.6 ಕ್ಯಾಲೊರಿ ಬೀಳುತ್ತದೆ. ಚರ್ಮ ಬೊಬ್ಬೆಯೇಳಲು 1.2 ಸಾಕು. ಪೆಟ್ಟಿಗೆಯೊಳಗಿನ ಶಾಖವೆಲ್ಲ ಬಾಗಿಲಿನತ್ತಲೇ ನುಗ್ಗುವುದರಿಂದ ಇದು ಮೂರು ಪಟ್ಟೂ ಆದೀತು.

ಸೋಲಾರಿಗೆ ಈ ಸೂತ್ರ ಹೆಚ್ಚೇ ತೋರಿಸುತ್ತದೆ ಎನ್ನುವ ಪರಿಣತರಿದ್ದಾರೆ. ಇರಬಹುದು, ಅಳೆದೇ ನೋಡೋಣ. ಮಲ್ಲೇಶ್ವರದ ಪಕ್ಕದಲ್ಲೇ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಇದೆ, 1960ರಿಂದ. ನಮ್ಮ ಬಿಸಿಲಿಗೆ, ನಮ್ಮ ಬಾಕ್ಸುಗಳಿಗೆ ತಕ್ಕ ಪರೀಕ್ಷೆಯನ್ನು ಅವರಿಂದ ಮಾಡಿಸಿ. ಆರ್ಕಿನ ಲೆಕ್ಕಕ್ಕೆ ಎಲ್ಲರೂ ಮುಂದಿಡುವ ಐಇಇಇ 1584 ಮಾನದಂಡ ಮೂರು ಫೇಸಿನ ಎ.ಸಿ.ಗೆ ಮಾತ್ರ. ಟ್ರಾನ್ಸ್‌ಫಾರ್ಮರ್ ಕಡೆಗೆ ಅದು ಬೇಕೇ ಬೇಕು, ಆದರೆ ಅದರಂತೆ ಮಾಡಿದ ವರದಿಯೊಂದನ್ನೇ ತೋರಿಸಿ 'ಸ್ಟಡಿ ಆಗಿದೆ ಸಾರ್' ಎಂದರೆ ದಯವಿಟ್ಟು ಒಪ್ಪಬೇಡಿ.

ತಲೆಬುರುಡೆಯ ಅಪಾಯ ಫಲಕ ಸ್ಥಳೀಯ ಭಾಷೆಯಲ್ಲೂ ಇರಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮವೇ ಹೇಳುತ್ತದೆ. ಅದರ ಕೆಳಗೆ ಇಷ್ಟು ಬರೆಸಿ: ಇಲ್ಲಿ ಎಷ್ಟು ಕ್ಯಾಲೊರಿ, ಎಷ್ಟು ದೂರ ನಿಲ್ಲಬೇಕು, ಯಾವ ರಕ್ಷಣಾ ಸೂಟು ತೊಡಬೇಕು. ಕನ್ನಡದಲ್ಲಿ, ಪಾವಗಡ ಆಂಧ್ರದ ಗಡಿಯ ತಾಲ್ಲೂಕಾದ್ದರಿಂದ ತೆಲುಗಿನಲ್ಲೂ. ಆ ಸಂಖ್ಯೆಯಿಲ್ಲದ ಬಾಕ್ಸ್ ಒಂದೇ ಒಂದು ಕಂಡರೂ ಮುಂದಿನ ತಪಾಸಣೆಯಲ್ಲಿ ಆ ಸ್ಥಾವರಕ್ಕೆ ಒಪ್ಪಿಗೆ ಕೊಡಬೇಡಿ.


ಬಸವನಗುಡಿಯ ಒಬ್ಬ ನಿವೃತ್ತ ಎಲೆಕ್ಟ್ರಿಕಲ್ ಮೇಷ್ಟ್ರು